ಇಪ್ಪತ್ತೇಳನೆಯ ವಾಕ್ಯ

ಹದಿನೆಂಟನೆಯದಕ್ಕೆ ಬರುವಾಗ ಮಗಳು ನಡುವೆ ಬಾಯಿ ಹಾಕಿದ್ದರಿಂದ ಉಷಾಲತಾ ಪುನಃ ಒಂದರಿಂದ ಸುರು ಮಾಡಬೇಕಾಯಿತು. ಅಷ್ಟರಲ್ಲಿ ಕಾವಲಿಯ ಮೇಲಿನ ದೋಸೆ ಸೀದಿತ್ತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ನಲವತ್ತು ವಾಕ್ಯಗಳಿದ್ದವು. ಎಡಕ್ಕೆ ಇಂಗ್ಲಿಷು, ಬಲಕ್ಕೆ ಸ್ಪ್ಯಾನಿಶ್, ಅದರ ಪಕ್ಕದಲ್ಲಿ ಅವಳೇ ಪೆನ್ಸಿಲಿನಲ್ಲಿ ಬರೆದುಕೊಂಡ ಕನ್ನಡ ಅಕ್ಷರ. ಹಾಳೆಯ ತಲೆಯಲ್ಲಿ ದಪ್ಪಗೆ, ಶಿಕ್ಷಕರಿಗೂ ಶಾಲೆಯ ಸಿಬ್ಬಂದಿಗೂ ಉಪಯುಕ್ತ ಸ್ಪ್ಯಾನಿಶ್. ಉಪಯುಕ್ತವಂತೆ. ಹಡಗು ರಿಪೇರಿಯ ಯಾವುದೋ ಕೆಲಸಕ್ಕೆಂದು ಆ ಭಾಷೆಯ ಒಂದಷ್ಟು ಎಂಜಿನಿಯರುಗಳು ಬಹರೈನಿಗೆ ಬಂದಿಳಿದಿದ್ದರು, ಅವರ ಹನ್ನೊಂದು ಮಕ್ಕಳು ಶಾಲೆಗೆ ಸೇರಿದ್ದರು. ಹನ್ನೊಂದು ಮಕ್ಕಳಿಗೆ ಇಂಗ್ಲಿಷು ಕಲಿಸುವುದರ ಬದಲು ನೂರಿಪ್ಪತ್ತು ಮಂದಿ ದೊಡ್ಡವರಿಗೆ ಸ್ಪ್ಯಾನಿಶ್ ಕಲಿಸುವ ಬುದ್ಧಿ ಯಾರಿಗೆ ಹೊಳೆಯಿತೋ, ಅವರ ಮುಖವನ್ನು ಒಮ್ಮೆ ನೋಡಬೇಕೆಂದು ಅವಳಿಗೆ ಆಸೆಯಿತ್ತು. ಟೀಚರುಗಳು, ಆಫೀಸಿನವರು, ಬಸ್ಸಿನವರು, ನೆಲ ಒರೆಸುವವರು, ಕ್ಲಿನಿಕ್ಕಿನಲ್ಲಿ ನರ್ಸಿನ ಕೈಕೆಳಗೆ ಹದಿನಾಲ್ಕು ವರ್ಷದಿಂದ ಆಯಾ ಆಗಿರುವ ಅವಳು, ಎಲ್ಲರಿಗೂ ತಂಡ ತಂಡವಾಗಿ ಬಾಯಿ ಪರೀಕ್ಷೆ, ಅವಳ ತಂಡಕ್ಕೆ ಇವತ್ತು ಬುಧವಾರ ಒಂದೂವರೆಗೆ ಲೈಬ್ರರಿಯಲ್ಲಿ. ಪಾಸಾದವರ ಎದೆಗೆ ಹಳದಿ ಬಿಲ್ಲೆ. ಟುಬ್ಲಿಯಲ್ಲಿ ಗಾಡಿಯ ಬಿಡಿಭಾಗ ಮಾರುವ ಗಂಡ ಜಯರಾಜ, ತಾನು ಇಪ್ಪತ್ತೆರಡು ವರ್ಷ ಇಪ್ಪತ್ತೈದು ಅರಬ್ಬಿ ಶಬ್ದದಲ್ಲಿ ಬದುಕಿದೆ, ಅದರಲ್ಲಿ ಹತ್ತು ಬೈಗಳು ಎಂದು ಬಚ್ಚಲಿನಿಂದಲೇ ಕೂಗಿ ಹೇಳಿದ್ದ. ಹನ್ನೊಂದನೆಯ ಕ್ಲಾಸಿನ ಅಶ್ಮಿತಾಳಿಗೆ ಮಾತ್ರ ತಾಯಿಯ ಪರೀಕ್ಷೆ ಒಂದು ತಮಾಷೆ.

“ಅಮ್ಮ, ಇದು ಲ್ಯಾಂಗ್ವೇಜ್, ಭಜನೆ ಅಲ್ಲ. ನಾನು ನಡುವಿಂದ ಒಂದು ಕೇಳ್ಲಾ?”

“ನೀನು ದೋಸೆ ತಿಂದು ಬ್ಯಾಗ್ ತುಂಬಿಸು.”

ನಡುವಿನಿಂದ ಕೇಳಿದರೆ ಬರುವುದಿಲ್ಲ ಎಂಬುದು ಅವಳಿಗೇ ಗೊತ್ತಿತ್ತು. ಊರಲ್ಲಿ ದೀಪ ಹಚ್ಚಿದ ಮೇಲೆ ಚಾಪೆಯಲ್ಲಿ ಸಾಲಾಗಿ ಕೂತು ವಾರ, ತಿಥಿ, ನಕ್ಷತ್ರ, ಅರುವತ್ತು ಸಂವತ್ಸರ, ಕೊನೆಗೆ ಹದಿನಾರರ ವರೆಗೆ ಮಗ್ಗಿ ಹೇಳಿ ಮುಗಿಸದೆ ಗಂಜಿ ಸಿಗುತ್ತಿರಲಿಲ್ಲ. ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ನಡೆಯಬೇಕು, ಬಾಯಿ ಅದರ ಹಿಂದೆ ನಡೆಯಬೇಕು. ಶಾಲೆಯಲ್ಲಿ ಏಳೆಂಟಲ ಎಷ್ಟು ಎಂದರೆ ಏಳೊಂದಲ ಏಳು ಎಂದೇ ಹೊರಡುವುದು. ಮಾಸ್ಟ್ರು ಬೆತ್ತ ಮಡಿಲಲ್ಲಿಟ್ಟುಕೊಂಡು ತಾಳ್ಮೆಯಿಂದ ಕಾಯುತ್ತಿದ್ದರು, ಯಾಕೆಂದರೆ ಅವರೂ ಹಾಗೆಯೇ ಕಲಿತವರು. ಇಂದಿಗೂ ಯಾರಾದರೂ ಅನುರಾಧದ ನಂತರ ಯಾವುದು ಎಂದರೆ ಅವಳು ಅಶ್ವಿನಿಯಿಂದಲೇ ಬರಬೇಕು. ಈ ನಲವತ್ತನ್ನೂ ಅವಳು ಹಾಗೆಯೇ ಗೆಣ್ಣಿಗೆ ಹತ್ತಿಸಿದ್ದಳು. ಒಂದು, ಬ್ಯುಯೆನೋಸ್ ದೀಯಾಸ್, ಶುಭೋದಯ. ಎರಡು, ಸಿಯೆಂತಾತೆ, ಕೂತುಕೋ. ಮೂರು, ಲೆವಾಂತಾತೆ, ಎದ್ದು ನಿಲ್ಲು. ನಕ್ಷತ್ರಗಳು ರೇವತಿಗೆ ಮುಗಿಯುವ ಜಾಗದಲ್ಲಿ, ಇಪ್ಪತ್ತೇಳನೆಯದು, ಕಿಯೆರೆಸ್ ಇರ್ ಅಲ್ ಬಾನ್ಯೋ. ನಿನಗೆ ಟಾಯ್ಲೆಟ್ಟಿಗೆ ಹೋಗಬೇಕಾ. ಆ ಗೆಣ್ಣಿನ ಹತ್ತಿರ ಬಂದಾಗಲೆಲ್ಲ ಹೆಬ್ಬೆರಳು ಸ್ವಲ್ಪ ತಡೆಯುತ್ತಿತ್ತು, ಎಡವಿದ ಕಾಲ್ಬೆರಳು ಅದೇ ಮೆಟ್ಟಿಲಿಗೆ ಬಂದಾಗ ತಡೆಯುವ ಹಾಗೆ.

ಜಿಂಜ್ ಬಡಾವಣೆಯ ಮನೆಯ ಕೆಳಗೆ ಆರೂಕಾಲಿಗೆ ಬಸ್ಸು ಬಂತು. ಡ್ರೈವರ್ ರೊಕಿ ತನ್ನ ಹಾಳೆಯನ್ನು ಸ್ಟಿಯರಿಂಗಿನ ಪಕ್ಕದಲ್ಲೇ ಸಿಕ್ಕಿಸಿಕೊಂಡಿದ್ದ, ಅದರ ಮೇಲೆ ಚಾಯದ ಕಪ್ಪಿನ ಉರುಟು ಕಲೆ. ಅವನಿಗೆ ಬಸ್ಸಿನವರ ಐದೇ ವಾಕ್ಯ. ಅವಳು ಎಂದಿನ ಹಾಗೆ ಮುಂದಿನ ಸೀಟಿನಲ್ಲಿ ಕೂತಳು, ಮಗಳು ಎಂದಿನ ಹಾಗೆ ತಾಯಿಯ ಗುರುತೇ ಇಲ್ಲದವಳಂತೆ ಹಿಂದೆ ಹೋದಳು. ಕಿಟಕಿಯ ಆಚೆ ಬೆಳಗ್ಗೆಯೇ ಬಿಳಿಚಿಕೊಂಡ ಆಕಾಶ. ಭಾನುವಾರವೂ ಇದೇ ಆಕಾಶ, ಇದೇ ಸೀಟು. ಶುಕ್ರ ಶನಿ ರಜೆ ಕಳೆದು ಇಲ್ಲಿ ವಾರ ಸುರುವಾಗುವ ಆ ದಿನವೇ ಈ ಹಾಳೆಯನ್ನು ಕೈಗೆ ಕೊಟ್ಟಿದ್ದರು, ನರ್ಸು ಅದನ್ನು ಓದಿ ನಕ್ಕು, ಉಷಾ, ಈ ಪ್ರಾಯದಲ್ಲಿ ನಿನಗೆ ಪುನಃ ಒಂದನೇ ಕ್ಲಾಸು ಎಂದಿದ್ದಳು. ಆ ಸಿಟ್ಟು ತಲೆಯಲ್ಲಿ ಕುದಿಯುತ್ತಿರುವಾಗಲೇ ಹತ್ತೂವರೆಗೆ ಒಂದನೇ ಕ್ಲಾಸಿನ ಮಾರಿಸೋಲ್ ಎಂಬ ಹುಡುಗಿ ಬಾಗಿಲಿಗೆ ಬಂತು. ಆರು ವರ್ಷ, ಎರಡು ಜಡೆ, ಕೈಯಲ್ಲಿ, ಹೊಟ್ಟೆನೋವೋ ಏನೋ ನೋಡಿ ಎಂದು ಅದರ ಕ್ಲಾಸಿನ ಶಮೀನಾ ಟೀಚರ್ ಬರೆದುಕೊಟ್ಟ ಚೀಟಿ, ಇನ್ನೊಂದು ಕೈ ಹೊಟ್ಟೆಯ ಕೆಳಗೆ. ನರ್ಸು ಸ್ಟಾಫ್ ರೂಮಿಗೆ ಹೋಗಿದ್ದಳು. ಹುಡುಗಿ ಏನೋ ಹೇಳಿತು. ಉಷಾಲತಾ ಹಣೆ ಮುಟ್ಟಿ ನೋಡಿದಳು, ಜ್ವರ ಇಲ್ಲ. ಹುಡುಗಿ ಅದನ್ನೇ ಇನ್ನೊಮ್ಮೆ ಹೇಳಿತು, ಇನ್ನೂ ಒಮ್ಮೆ. ಅವಳು ಮಗುವಿನ ಬೆರಳುಗಳನ್ನು ನೋಡಿದ್ದು ನಿಜ. ಒಂದಕ್ಕೆ ಹೋಗಬೇಕಾದ ಮಗು ಕಿರುಬೆರಳು ಎತ್ತುತ್ತದೆ, ಇದಕ್ಕೆ ಭಾಷೆ ಯಾಕೆ? ಇದು ಎತ್ತಲಿಲ್ಲ, ಹಾಗಾದರೆ ಅದಲ್ಲ, ಕ್ಲಾಸು ತಪ್ಪಿಸುವ ಉಪಾಯ ಎಂದು ಅವಳು ತೀರ್ಮಾನಿಸಿದ್ದಳು. ಕಿರುಬೆರಳು ಲೋಕಕ್ಕೆಲ್ಲ ಒಂದೇ ಎಂದು ಅವಳಿಗೆ ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ಚೀಟಿಯನ್ನು ಕಸದ ಬುಟ್ಟಿಗೆ ಹಾಕಿ, ನಿನ್ನ ಭಾಷೆ ನನಗೆ ಬರುವುದಿಲ್ಲ ಮಾರಾಯ್ತಿ ಎಂದು ತುಳುವಿನಲ್ಲಿ ಗಟ್ಟಿಯಾಗಿ ಹೇಳಿ, ಹೆಗಲು ಹಿಡಿದು ತಿರುಗಿಸಿ ಹೊರಗೆ ಬಿಟ್ಟಳು. ಹತ್ತು ಹೆಜ್ಜೆಯಾಚೆ ಮೀನಿನ ತೊಟ್ಟಿಯ ಎದುರು, ಈಜಿಗೆ ಹೊರಟ ಎರಡನೇ ಕ್ಲಾಸಿನ ಸಾಲು ಹೋಗುತ್ತಿರುವಾಗ, ಅದರ ಬಿಳಿ ಕಾಲುಚೀಲದಲ್ಲಿ ನೀರಿಳಿಯಿತು. ಮಕ್ಕಳು ನಕ್ಕದ್ದು ಅವಳಿಗೆ ಕೇಳಿತ್ತು. ಏಸಿಯ ತಂಪು ಹೊರಗೆ ಹೋಗುತ್ತದೆಂದು ಅವಳು ಬಾಗಿಲು ಹಾಕಿದಳು.

ಹುಡುಗಿಯ ತಾಯಿ ಮರುದಿನ ಬಂದು ಆಫೀಸಿನಲ್ಲಿ ಕೂಗಾಡಿದ್ದಳು. ಆಡಳಿತದ ಮೇಡಂ ವಿಚಾರಿಸಿದಾಗ ತಾನು ಮಗುವನ್ನು ಕ್ಲಿನಿಕ್ಕಿಗೆ ಕಳಿಸಿದ್ದೆ ಎಂದು ಶಮೀನಾ ಟೀಚರ್ ಹೇಳಿದ್ದಳು. ಕ್ಲಿನಿಕ್ಕಿನ ಪುಸ್ತಕದಲ್ಲಿ ಆ ಹೊತ್ತಿಗೆ ಯಾವ ಹೆಸರೂ ಇರಲಿಲ್ಲ. ಉಷಾಲತಾಳನ್ನು ಕೇಳಿದಾಗ, ನೋ ಮೇಡಂ, ನೋ ಚೈಲ್ಡ್ ಎಂದು ಅವಳ ಬಾಯಿಯಿಂದ ಎಷ್ಟು ಸರಾಗವಾಗಿ ಬಂತೆಂದರೆ, ಇಂಗ್ಲಿಷಿನಲ್ಲಿ ತಾನು ಸುಳ್ಳು ಹೇಳಬಲ್ಲೆ ಎಂಬುದು ಅವಳಿಗೆ ಅಂದೇ ಗೊತ್ತಾದದ್ದು. ಎರಡು ಶಬ್ದ, ಎರಡಕ್ಕೂ ಮುಂದೆ ನೋ. ಶಮೀನಾಳಿಗೆ ಎಚ್ಚರಿಕೆಯ ಕಾಗದ ಕೊಟ್ಟರು. ಅವಳ ಕೆಲಸ ಮುಂದುವರಿಸುವುದೋ ಬೇಡವೋ ಎಂದು ಗುರುವಾರ ತೀರ್ಮಾನ. ತಾನು ಬಾಯಿಬಿಟ್ಟರೆ ಆ ಕಾಗದ ತನಗೆ ಬರುತ್ತದೆ, ಆಯಾಗಳಿಗೆ ಕಾಗದವೂ ಕೊಡುವುದಿಲ್ಲ, ಗೇಟು ತೋರಿಸುತ್ತಾರೆ. ಅಶ್ಮಿತಾ ಈ ಶಾಲೆಯಲ್ಲಿ ಓದುವುದು ಸಿಬ್ಬಂದಿಯ ಮಗಳೆಂಬ ರಿಯಾಯಿತಿಯಲ್ಲಿ. ಇನ್ನೊಂದೂವರೆ ವರ್ಷ ಕಳೆದರೆ ಹುಡುಗಿ ಹನ್ನೆರಡು ಮುಗಿಸುತ್ತದೆ. ಒಂದೂವರೆ ವರ್ಷ ಬಾಯಿ ಮುಚ್ಚಿರುವುದು ಎಷ್ಟರ ಕೆಲಸ? ಬಾಯಿ ಮುಚ್ಚಿರಲು ಬಿಡದೆ ಇವರು ನಲವತ್ತು ವಾಕ್ಯ ಕೊಟ್ಟು ಬಾಯಿ ತೆರೆಸುತ್ತಿದ್ದರು, ಅದೇ ಕಿರಿಕಿರಿ.

ಇವತ್ತು ಬೆಳಗ್ಗಿನ ಬಿಡುವಿನಲ್ಲಿ ಶಮೀನಾ ಮೂಗಿನಿಂದ ರಕ್ತ ಬರುತ್ತಿದ್ದ ಒಂದು ಹುಡುಗನನ್ನು ಕರೆದುಕೊಂಡು ತಾನೇ ಬಂದಳು. ಈಗ ಅವಳು ಯಾರನ್ನೂ ಒಬ್ಬರನ್ನೇ ಕಳಿಸುತ್ತಿರಲಿಲ್ಲ. ಬಂಟ್ವಾಳದ ಕಡೆಯ ಬ್ಯಾರಿ ಹುಡುಗಿ, ಮೂವತ್ತು ದಾಟಿರಲಿಕ್ಕಿಲ್ಲ. ರಂಜಾನಿನಲ್ಲಿ ಪ್ರತಿ ವರ್ಷ ಡಬ್ಬಿಯಲ್ಲಿ ಸಮೋಸ ತಂದು ಉಷಕ್ಕನ ಪಾಲು ಎಂದು ಕ್ಲಿನಿಕ್ಕಿನಲ್ಲಿಟ್ಟು ಹೋಗುವವಳು. ಕಣ್ಣ ಕೆಳಗೆ ಕಪ್ಪಾಗಿತ್ತು. ನರ್ಸು ಹುಡುಗನ ಮೂಗು ಒತ್ತಿ ಹಿಡಿದಿದ್ದಾಗ ಶಮೀನಾ ಹತ್ತಿಯ ಡಬ್ಬಿಯ ಹತ್ತಿರ ಬಂದು ನಿಂತಳು.

“ಉಷಕ್ಕ, ನಿಮ್ಮ ಹತ್ರ ಇನ್ನೊಮ್ಮೆ ಕೇಳ್ತೇನೆ, ಬೇಜಾರು ಮಾಡ್ಬೇಡಿ. ಆ ಮಗು ಬರ್ಲೇ ಇಲ್ವಾ? ನಾನು ಚೀಟಿ ಬರ್ದದ್ದು ನನಗೆ ನೆನಪುಂಟು. ಅಲ್ಲ, ಬರ್ದೆ ಅಂತ ನಾನೇ ಗ್ರಹಿಸ್ತಿದ್ದೇನಾ ಅಂತ ಈಗ ಡೌಟ್ ಬರ್ತದೆ.”

“ದಿನಕ್ಕೆ ಎಷ್ಟು ಮಕ್ಕಳು ಬರ್ತಾರೆ ಟೀಚರ್. ನನಗೆಂತ ಎಲ್ಲ ಮುಖ ನೆನಪಿರ್ತದಾ?”

ಶಮೀನಾ, ಹೌದು, ಅದೂ ಹೌದು ಎಂದಳು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಉಷಾಲತಾಳಿಗೂ ತಿರುಗಿ ನಾಲ್ಕು ಮಾತು ಬಿಸಾಡುವ ದಾರಿಯಿತ್ತು, ಸಿಟ್ಟಿನಲ್ಲಿ ಅವಳನ್ನು ಮೀರಿಸುವವರು ಇಡೀ ಶಾಲೆಯಲ್ಲಿ ಇರಲಿಲ್ಲ. ತನ್ನ ನೆನಪನ್ನೇ ತಾನು ನಂಬದೆ ಹೋಗುತ್ತಿದ್ದ ಆ ಬೆನ್ನಿಗೆ ಏನು ಬಿಸಾಡುವುದು? ಅವಳು ಕತ್ತರಿಸಬೇಕಾಗಿಲ್ಲದ ಹತ್ತಿಯನ್ನು ಕತ್ತರಿಸುತ್ತ ಕೂತಳು. ಕಸದ ಬುಟ್ಟಿ ಸೋಮವಾರವೇ ಖಾಲಿಯಾಗಿದ್ದರೂ ಅದನ್ನು ನೋಡುವಾಗ ಚೀಟಿ ಅದರ ತಳದಲ್ಲೇ ಇರುವಂತೆ ತೋರುತ್ತಿತ್ತು.

ಹನ್ನೆರಡೂವರೆಗೆ ಆಟದ ಮೈದಾನದಲ್ಲಿ ಒಬ್ಬ ಹುಡುಗ ಕೈ ಮುರಿದುಕೊಂಡು, ನರ್ಸು ಅವನನ್ನು ಸಲ್ಮಾನಿಯಾ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹತ್ತು ನಿಮಿಷ ಕಳೆದಿರಬೇಕು, ಉಷಾಲತಾ ತಲೆಯೆತ್ತಿದಾಗ ಬಾಗಿಲಿನಲ್ಲಿ ಮಾರಿಸೋಲ್ ನಿಂತಿತ್ತು. ಅದರ ಹಿಂದೆ ಕಾರಿಡಾರಿನ ತುದಿಯಲ್ಲಿ ಅದರ ಕ್ಲಾಸಿನ ದೊಡ್ಡ ಹುಡುಗಿಯೊಬ್ಬಳು, ಕರೆದುಕೊಂಡು ಬಂದವಳು, ಕೆಲಸ ಮುಗಿಯಿತೆಂದು ಓಡುತ್ತಿದ್ದಳು. ಮಗು ಒಳಗೆ ಬರಲಿಲ್ಲ. ಹೊಸ್ತಿಲಿನಿಂದ ಒಂದು ಗೇಣು ಆಚೆ ನಿಂತು, ಈ ಸಲ ಏನನ್ನೂ ಹೇಳದೆ, ಅವಳ ಕೈಗಳನ್ನೇ ನೋಡುತ್ತಿತ್ತು. ಹೆಗಲು ಹಿಡಿದ ಕೈಗಳು. ಒಂದು ಕಾಲಿನ ಮೇಲೆ ಇನ್ನೊಂದು ಕಾಲು. ಇಷ್ಟು ನೋಡಿದ ಮೇಲೂ ತಿಳಿಯದಿರಲು ಉಷಾಲತಾ ಕಲ್ಲಲ್ಲ. ಟಾಯ್ಲೆಟ್ಟಿನ ಕಡೆ ಬೆರಳು ತೋರಿಸಿದಳು. ಮಗು ಹೆದರಿ ಎರಡು ಹೆಜ್ಜೆ ಹಿಂದೆ ಸರಿಯಿತು. ಭಾನುವಾರ ಕ್ಲಾಸಿಗೆ ನಡೆ ಎಂದು ತೋರಿಸಿದ ಬೆರಳೂ ಅದೇ, ಆ ಕಡೆಗೇ. ಕೈ ಹಿಡಿಯಲು ಹೋದರೆ ಓಡಿಹೋಗುತ್ತದೆ, ಪುನಃ ಮೀನಿನ ತೊಟ್ಟಿಯ ಎದುರೇ ಆಗುತ್ತದೆ. ವಾಕ್ಯ ಬೇಕು. ಇಪ್ಪತ್ತೇಳು. ಕಿ, ಕಿಯೆ ಎಂದು ಏನೋ ಸುರುವಾಗುತ್ತದೆ. ನಾಲಗೆ ಅಲ್ಲಿಗೆ ನೇರ ಹಾರಲು ಒಪ್ಪಲಿಲ್ಲ. ಹಾಳೆ ಮನೆಯ ಫ್ರಿಜ್ಜಿನ ಮೇಲಿತ್ತು. ಅವಳು ಕೈಗಳನ್ನು ಬೆನ್ನ ಹಿಂದೆ ಅಡಗಿಸಿ ಹೆಬ್ಬೆರಳನ್ನು ಮೊದಲ ಗೆಣ್ಣಿಗೆ ಒತ್ತಿ ಹೊರಟಳು. ಬ್ಯುಯೆನೋಸ್ ದೀಯಾಸ್. ಮಗುವಿನ ಕಣ್ಣು ಅಗಲವಾಯಿತು. ಸಿಯೆಂತಾತೆ ಎಂದಳು, ಅದು ಎರಡನೆಯದು, ಅದನ್ನು ದಾಟದೆ ಮೂರಕ್ಕೆ ಹೋಗುವಂತಿಲ್ಲ. ಮಗು ಅಲ್ಲೇ ನೆಲದ ಮೇಲೆ ಕೂತಿತು.

ಅಯ್ಯೋ, ನಿನಗಲ್ಲ ಎಂದು ಹೇಳಬೇಕಿತ್ತು, ಹೇಳಲು ಯಾವ ಭಾಷೆಯೂ ಇರಲಿಲ್ಲ, ನಿಂತರೆ ಪುನಃ ಒಂದರಿಂದ. ಲೆವಾಂತಾತೆ. ಮಗು ಎದ್ದು ನಿಂತಿತು. ಕಾಯು ಎಂದಳು, ಕಾಯಿತು. ಓಡಬೇಡ ಎಂದಳು, ಅಲುಗದೆ ನಿಂತಿದ್ದ ಮಗು ಮಂಡಿಗಳನ್ನು ಒಂದಕ್ಕೊಂದು ಒತ್ತಿಕೊಂಡು ಇನ್ನಷ್ಟು ಅಲುಗದೆ ನಿಂತಿತು. ಕೈ ತೊಳೆದುಕೋ ಎಂಬುದು ಆರನೆಯದು. ಮಗು ಒಳಗೆ ಬಂದು ಬೇಸಿನ್ನಿನ ಮೆಟ್ಟಿಲು ಹತ್ತಿ ನಳ್ಳಿ ಬಿಟ್ಟಿತು, ನೀರಿನ ಸದ್ದಿಗೆ ಅದರ ಮೈಯೆಲ್ಲ ನಡುಗಿತು. ಶೂ ತೆಗೆ. ತೆಗೆದು ಜೋಡಿಸಿಟ್ಟಿತು. ಬಾಯಿ ತೆರೆ, ನಾಲಗೆ ಚಾಚು, ಉಸಿರು ಎಳೆ. ಈ ದೇಶಕ್ಕೆ ಬಂದ ಮೇಲೆ ಟೀಚರೂ ಅಲ್ಲದ, ತಾಯಿಯೂ ಅಲ್ಲದ ಹೆಂಗಸೊಬ್ಬಳು ತನ್ನ ಭಾಷೆಯಲ್ಲಿ ಮಾತಾಡಿದ್ದು ಅದಕ್ಕೆ ಇದೇ ಮೊದಲಿರಬೇಕು, ಒಂದು ಮಾತನ್ನೂ ತಪ್ಪಿಸದೆ ನಡೆಸುತ್ತಿತ್ತು. ಕಣ್ಣಿನಲ್ಲಿ ನೀರು ತುಂಬಿ ನಿಂತಿತ್ತು. ಪುಸ್ತಕ ತೆರೆ ಎಂದಾಗ ಪುಸ್ತಕವಿಲ್ಲದೆ ಎರಡು ಅಂಗೈಗಳನ್ನು ತೆರೆದು ಮುಖದ ಎದುರು ಹಿಡಿಯಿತು. ಹಾಳೆ ಬರೆದವರನ್ನು ಉಷಾಲತಾ ತುಳುವಿನಲ್ಲಿ ಮನಸ್ಸಿನೊಳಗೆ ಬೈಯುತ್ತ, ಹೊರಗೆ ಸ್ಪ್ಯಾನಿಶ್ ಓಡಿಸುತ್ತ, ಬೆವರುತ್ತ, ಹದಿನೆಂಟನ್ನು ದಾಟಿದಳು. ಇಪ್ಪತ್ತಮೂರು, ಎಲ್ಲಿ ನೋಯುತ್ತದೆ. ಮಗು ಎಲ್ಲೂ ಇಲ್ಲ ಎಂದು ತಲೆಯಾಡಿಸಿತು. ಇಪ್ಪತ್ತನಾಲ್ಕು, ಇಪ್ಪತ್ತೈದು, ಇಪ್ಪತ್ತಾರು. ಕಿಯೆರೆಸ್ ಇರ್ ಅಲ್ ಬಾನ್ಯೋ.

ಮಗು ಬರಿಗಾಲಿನಲ್ಲಿ ಓಡಿತು.

ಟಾಯ್ಲೆಟ್ಟಿನ ಬಾಗಿಲ ಹೊರಗೆ ಅವಳು ಆ ಪುಟ್ಟ ಶೂಗಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಮಗು ಹೊರಗೆ ಬಂದು ಕಾಲು ಚಾಚಿತು, ಅವಳು ಕೂತು ಬಕ್ಕಲ್ ಹಾಕಿದಳು. ಈಗ ಒಂದು ಮಾತು ಹೇಳಬೇಕಿತ್ತು. ಇಪ್ಪತ್ತೆಂಟರಿಂದ ಮುಂದೆ ಬೇಗ ಬೇಗ ನಡೆದು ನೋಡಿದಳು. ದೂಡಬೇಡ, ಸಾಲಿನಲ್ಲಿ ನಿಲ್ಲು, ನಿನ್ನ ಬಸ್ಸು ಯಾವುದು, ತಾಯಿಗೆ ಫೋನ್ ಮಾಡುತ್ತೇನೆ, ನಾಳೆ ಕಾಣುವ. ನಲವತ್ತರ ಕೊನೆಯ ಗೆಣ್ಣಿನ ವರೆಗೆ ಹೋದರೂ ಅದು ಇರಲಿಲ್ಲ. ದೊಡ್ಡವರು ಮಕ್ಕಳಿಗೆ ಹೇಳಬೇಕಾದದ್ದೆಲ್ಲ ಇತ್ತು, ಇದೊಂದು ಬಿಟ್ಟು. ಮಗು ಅವಳ ನೆತ್ತಿಯನ್ನು, ಬೈತಲೆಯ ನರೆಯನ್ನು ಕುತೂಹಲದಿಂದ ನೋಡಿ ಕ್ಲಾಸಿಗೆ ಹೋಯಿತು.

ಲೈಬ್ರರಿಯಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಪರೀಕ್ಷೆ ಮಾಡುವವಳು ಎವ್ಲಿನ್ ಮಿಸ್, ದೊಡ್ಡ ಮಕ್ಕಳಿಗೆ ಸ್ಪ್ಯಾನಿಶ್ ಕಲಿಸುವ ಮಂಗಳೂರಿನವಳು. ಹಿಂದೆ ಆಡಳಿತದ ಮೇಡಂ. ಎರಡನೆಯ ಸಾಲಿನ ತುದಿಯಲ್ಲಿ ಶಮೀನಾ ಒಬ್ಬಳೇ. ಪಕ್ಕದ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ, ಎಚ್ಚರಿಕೆಯ ಕಾಗದವೂ ನೆಗಡಿಯ ಹಾಗೆ ಹರಡುವುದೆಂದು ಎಲ್ಲರಿಗೂ ಹೆದರಿಕೆ ಇದ್ದ ಹಾಗೆ. ಉಷಾಲತಾಳ ಸರದಿ ಬಂದಾಗ ಎವ್ಲಿನ್ ಹತ್ತಿರ ಬಂದು, ಹೆದರಬೇಡಿ ಉಷಕ್ಕ, ಸುಲಭದ್ದು ಕೇಳುತ್ತೇನೆ ಎಂದು ಮೆಲ್ಲಗೆ ಹೇಳಿ, ಗಟ್ಟಿಯಾಗಿ ಇಂಗ್ಲಿಷಿನಲ್ಲಿ, ಮಗು ಟಾಯ್ಲೆಟ್ಟಿಗೆ ಹೋಗಬೇಕೆಂದಿದ್ದರೆ ಹೇಗೆ ಕೇಳುತ್ತೀರಿ ಎಂದಳು. ಎಲ್ಲರಿಗೂ ಬೇರೆ ಬೇರೆ, ತನಗೆ ಇದೇ ಆಗಬೇಕೇ? ಉಷಾಲತಾ ಬ್ಯುಯೆನೋಸ್ ದೀಯಾಸ್ ಎಂದು ಹೊರಟಳು. ಐದಕ್ಕೆ ಬಸ್ಸಿನವರ ಸಾಲಿನಿಂದ ನಗೆ ಎದ್ದಿತು, ಹತ್ತಕ್ಕೆ ಕೆಜಿಯ ಹುಡುಗಿ ಟೀಚರುಗಳು ಬಾಯಿಗೆ ಕೈ ಅಡ್ಡ ಹಿಡಿದರು, ಹದಿನೈದಕ್ಕೆ ಯಾರೋ ತಾಳ ಹಾಕಿದರು. ಅವಳು ಯಾರನ್ನೂ ನೋಡದೆ ಎದುರಿನ ಕಪಾಟಿನ ಭೂಗೋಳವನ್ನು ನೋಡುತ್ತ, ಬೆನ್ನ ಹಿಂದೆ ಗೆಣ್ಣುಗಳನ್ನು ಒತ್ತುತ್ತ ಇಪ್ಪತ್ತೇಳಕ್ಕೆ ಬಂದು ನಿಂತಳು. ಚಪ್ಪಾಳೆ ಬಿತ್ತು. ಮೇಡಂ ಎದ್ದು ನಿಂತು, ನೋಡಿ, ಒಬ್ಬ ಸಹಾಯಕಿ, ಶಾಲೆ ಕಲಿತದ್ದು ಕಮ್ಮಿ, ಆದರೂ ಎಷ್ಟು ಶ್ರದ್ಧೆ ಎಂದಳು; ಆಮೇಲೆ ಶಮೀನಾಳ ಕಡೆ ನೇರ ನೋಡದೆ ನೋಡುತ್ತ, ಟೀಚರುಗಳಿಗೂ ಇಷ್ಟೇ ಶ್ರದ್ಧೆ ಇದ್ದಿದ್ದರೆ ಭಾನುವಾರ ಆ ಮಗುವಿಗೆ ನಾಚಿಕೆಗೇಡಾಗುತ್ತಿರಲಿಲ್ಲ ಎಂದಳು. ಶಮೀನಾ ತಲೆ ತಗ್ಗಿಸಿ, ಹೌದೆನ್ನುವಂತೆ ತಲೆಯಾಡಿಸಿದಳು. ಆ ಹೌದು ಉಷಾಲತಾಳಿಗೆ ಸಹಿಸಲಾಗಲಿಲ್ಲ. ನಗೆಯನ್ನು ಸಹಿಸಿದ್ದಳು, ತಾಳವನ್ನು ಸಹಿಸಿದ್ದಳು. ಮಾಡದ ತಪ್ಪಿಗೆ ಹೌದೆನ್ನುವ ಈ ಹುಡುಗಿಯ ಕೆನ್ನೆಗೆ ಎರಡು ಬಾರಿಸಬೇಕೆಂಬಷ್ಟು ಸಿಟ್ಟು ಬಂತು.

“ಎಂತ ತಲೆ ಆಡಿಸ್ತೀರಿ ಟೀಚರ್? ನೀವು ಚೀಟಿ ಬರ್ದದ್ದು ಹೌದು. ಮಗು ಬಂದದ್ದೂ ಹೌದು. ಚೀಟಿ ಕಸಕ್ಕೆ ಹಾಕಿದ್ದು ನಾನು, ಮಗುವಿನ ಹೆಗಲು ಹಿಡಿದು ಹೊರಗೆ ದೂಡಿದ್ದೂ ನಾನು.”

ಕನ್ನಡ ಗೊತ್ತಿದ್ದ ಹತ್ತು ಹದಿನೈದು ಮಂದಿ ಶಮೀನಾಳ ಕಡೆ ತಿರುಗಿದರು, ಗೊತ್ತಿಲ್ಲದವರು ಇನ್ನೂ ನಗುತ್ತಲೇ ಇದ್ದರು. ಏನು ಹೇಳುತ್ತಿದ್ದಾಳೆ ಎಂದು ಮೇಡಂ ಎವ್ಲಿನ್‌ಳನ್ನು ಕೇಳಿದಳು. ಎವ್ಲಿನ್ ಕೈಯಲ್ಲಿದ್ದ ಹಳದಿ ಬಿಲ್ಲೆಯ ಪಿನ್ನನ್ನು ತೆರೆದು ಮುಚ್ಚುತ್ತಿದ್ದಳು.

“ಹೇಳಿ ಮಿಸ್. ಭಾಷೆ ಕಲಿಸುವವರಲ್ವಾ ನೀವು? ಹೇಳಿ.”

ಎವ್ಲಿನ್ ಹೇಳಿದಳು. ತಾನು ಆಡಿದ ನಾಲ್ಕು ಮಾತು ಇಂಗ್ಲಿಷಿನಲ್ಲಿ ಇನ್ನೊಬ್ಬಳ ಬಾಯಿಯಿಂದ ಬರುವಾಗ ಉಷಾಲತಾಳಿಗೆ ಅದು ಯಾರದೋ ಬೇರೆ ಹೆಂಗಸಿನ ಸಂಗತಿಯಂತೆ, ಅವಳು ನಿಜಕ್ಕೂ ಕೆಟ್ಟವಳೆಂಬಂತೆ ಕೇಳಿತು. ಮೇಡಂ ಪೂರ್ತಿ ಕೇಳಿ, ನಾಳೆ ಬೆಳಗ್ಗೆ ಏಳೂವರೆಗೆ ನನ್ನ ಕೋಣೆಗೆ ಬಾ ಎಂದಷ್ಟೇ ಹೇಳಿ ಮುಂದಿನವರ ಹೆಸರು ಕರೆದಳು. ಬಿಲ್ಲೆಯನ್ನು ಕೊಡಬೇಕೋ ಬೇಡವೋ ತಿಳಿಯದೆ ಎವ್ಲಿನ್ ಮೇಜಿನ ಮೇಲಿಟ್ಟಳು, ಅದು ಅಲ್ಲೇ ಉಳಿಯಿತು. ಹೊರಗೆ ಕಾರಿಡಾರಿನಲ್ಲಿ ಶಮೀನಾ ಹಿಂದಿನಿಂದ ಬಂದಳು. ಅವಳು ಕೈ ಹಿಡಿಯುತ್ತಾಳೆಂದು, ದೊಡ್ಡ ಉಪಕಾರವಾಯಿತು ಎನ್ನುತ್ತಾಳೆಂದು ಉಷಾಲತಾ ಮನಸ್ಸಿನ ಯಾವ ಮೂಲೆಯಲ್ಲೋ ಕಾಯುತ್ತಿದ್ದದ್ದು ಸುಳ್ಳಲ್ಲ.

“ಮೂರು ದಿನ ಉಷಕ್ಕ. ನಾನು ನನ್ನ ಗಂಡನ ಹತ್ರ, ನನಗೆ ಮರೆವಿನ ಕಾಯಿಲೆ ಸುರುವಾಗಿದೆಯಾ ಅಂತ ಕೇಳಿದೆ.” ಅಷ್ಟು ಹೇಳಿ ಅವಳು ಹೋದಳು. ಈ ವರ್ಷ ಸಮೋಸ ಬರುವುದಿಲ್ಲ ಎಂದು ಉಷಾಲತಾಳಿಗೆ ಹೊಳೆಯಿತು. ಎಂಥ ಹೊತ್ತಿನಲ್ಲಿ ಎಂಥ ಯೋಚನೆ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

ಎರಡೂಕಾಲಿಗೆ ಬಸ್ಸುಗಳು ಸಾಲಾಗಿ ನಿಂತಿದ್ದವು. ಅದಕ್ಕೂ ಮೊದಲು ಅವಳು ಲೈಬ್ರರಿಗೆ ತಿರುಗಿ ಹೋಗಿ, ಕುರ್ಚಿ ಮಡಚುತ್ತಿದ್ದ ಎವ್ಲಿನ್‌ಳ ಹತ್ತಿರ ಒಂದು ವಾಕ್ಯ ಕೇಳಿ ಅಂಗೈಯಲ್ಲಿ ಕನ್ನಡದಲ್ಲಿ ಬರೆದುಕೊಂಡು ಬಂದಿದ್ದಳು. ಪೆರ್ದೋನಾಮೆ, ಫುಯೆ ಕುಲ್ಪಾ ಮೀಯಾ. ಕ್ಷಮಿಸು, ತಪ್ಪು ನನ್ನದು. ಅದು ಸಿಲಬಸ್ಸಿನಲ್ಲಿ ಇಲ್ಲವಲ್ಲ ಎಂದಿದ್ದಳು ಎವ್ಲಿನ್. ಮಾರಿಸೋಲ್ ಮೂರನೆಯ ಬಸ್ಸಿನ ಎದುರು ಕೊಡೆಯಷ್ಟೇ ನೆರಳಿನಲ್ಲಿ ನಿಂತಿತ್ತು. ಉಷಾಲತಾ ಬಿಸಿಲಿನಲ್ಲಿ ಅದರ ಎದುರು ಹೋಗಿ ಅಂಗೈ ಬಿಡಿಸಿದಳು. ಬೆವರಿಗೆ ಶಾಯಿ ಹರಡಿ ಇಡೀ ಅಂಗೈ ನೀಲಿಯಾಗಿತ್ತು. ಪೆ, ಪೆರ್ ಎಂದಳು. ಬರಲಿಲ್ಲ. ನಲವತ್ತೊಂದನೆಯದು ನಲವತ್ತರ ಬಾಲಕ್ಕೆ ಕಟ್ಟಿಕೊಂಡು ಕೂತಿತ್ತು, ಬಿಡಿಸಿದರೆ ಹರಿಯುತ್ತದೆ. ರೊಕಿ ಹಾರ್ನ್ ಹೊಡೆದ. ತಮ್ಮ ಬಸ್ಸಿನ ಕಿಟಕಿಯಿಂದ ಅಶ್ಮಿತಾ, ಅಮ್ಮ, ಪ್ಲೀಸ್ ಎನ್ನುವ ಮುಖ ಮಾಡಿಕೊಂಡು ನೋಡುತ್ತಿದ್ದಳು. ಲೈಬ್ರರಿಯ ಸುದ್ದಿ ಅವಳಿಗೂ ಮುಟ್ಟಿರಬೇಕು.

“ಉಷಕ್ಕ, ಹತ್ತುವುದುಂಟಾ ಇಲ್ವಾ?”

“ನೀವು ಸ್ವಲ್ಪ ತಡ್ಕೊಳ್ಳಿ ರೊಕಿ ಪೊರ್ಬು. ನಾನಿನ್ನೂ ಸುರು ಮಾಡಿಲ್ಲ.”

ಕೈಯನ್ನು ಬೆನ್ನ ಹಿಂದೆ ಅಡಗಿಸದೆ, ಮಗುವಿಗೆ ಕಾಣುವ ಹಾಗೆ ಎದುರಿಗೇ ಹಿಡಿದು, ಅವಳು ಹೆಬ್ಬೆರಳನ್ನು ಮೊದಲ ಗೆಣ್ಣಿಗೆ ಇಟ್ಟಳು. ಬ್ಯುಯೆನೋಸ್ ದೀಯಾಸ್ ಎಂದಳು. ಎರಡನೆಯದು ಬಾಯಿಗೆ ಬರುವ ಮೊದಲೇ ಮಗು ಬ್ಯಾಗನ್ನು ಪಕ್ಕಕ್ಕಿಟ್ಟು ಕಾದ ಸಿಮೆಂಟಿನ ಮೇಲೆ ಕೂತಿತು. ನಲವತ್ತೊಂದು ಇನ್ನೂ ದೂರವಿತ್ತು.